ದಂಡಿನವರಿಗೆ ಉತ್ತರ ಹೇಳುವವರು ಯಾರು?

ಒಂದು ಕಾಲದಲ್ಲಿ ಬೆಂಗಳೂರಿಗೆ ಇಬ್ಬರು ಯಜಮಾನರಿದ್ದರು. 1881ರಲ್ಲಿ ಮೈಸೂರು ಸಂಸ್ಥಾನವು ಮಹಾರಾಜರ ಕೈಗೆ ಮರಳಿದರೂ ದಂಡು ಪ್ರದೇಶ ಬ್ರಿಟಿಷರಲ್ಲೇ ಉಳಿಯಿತು. ಪೇಟೆಯವರ ದೂರು ಅದೇ ವರ್ಷ ಆರಂಭವಾದ ಪ್ರಜಾಪ್ರತಿನಿಧಿ ಸಭೆಯ ಮೂಲಕ ದಿವಾನರ ಕಿವಿಗೆ ಬೀಳುತ್ತಿತ್ತು. 1891ರಿಂದ ಸಂಸ್ಥಾನವು ಸ್ಪರ್ಧಾ ಪರೀಕ್ಷೆಯಿಂದ ಅಧಿಕಾರಿಗಳನ್ನು ಆರಿಸತೊಡಗಿತು. ಹಲಸೂರು, ಇಂದಿನ ಶಿವಾಜಿನಗರಗಳ ಆಡಳಿತವಾದರೋ ಅಂತಿಮವಾಗಿ ಉತ್ತರ ಹೇಳಬೇಕಾದದ್ದು ಬ್ರಿಟಿಷ್ ರೆಸಿಡೆಂಟರಿಗೆ.

1947ರ ಜುಲೈ 26ರಂದು ದಂಡು ಮೈಸೂರಿಗೆ ಮರಳಿತು; 1949ರಲ್ಲಿ ಎರಡು ಪುರಸಭೆಗಳು ಕೂಡಿ ಒಂದೇ ಕಾರ್ಪೊರೇಷನ್ ಆಯಿತು. ಆಡಳಿತ ಒಂದಾದರೂ ಅರ್ಜಿ ಹಿಡಿದವರ ಅಲೆದಾಟ ನಿಲ್ಲಲಿಲ್ಲ. 1984ರ ಲೋಕಾಯುಕ್ತ ಕಾಯ್ದೆ ಭ್ರಷ್ಟಾಚಾರದ ತನಿಖೆಗೆ ದಾರಿ ತೆರೆಯಿತು. 2012ರಲ್ಲಿ ಬಂದ ‘ಸಕಾಲ’ ವಿಳಂಬಕ್ಕೂ ಬೆಲೆ ಕಟ್ಟಿತು: ದಿನಕ್ಕೆ 20 ರೂಪಾಯಿ, ಗರಿಷ್ಠ 500. ಮೊತ್ತ ಚಿಕ್ಕದೇ. ಆದರೆ ಅದನ್ನು ಕೇಳಿ ಪಡೆಯುವವರಿದ್ದರಷ್ಟೇ ಕಾಯ್ದೆಗೆ ಜೀವ.