ದೂರದ ಬೆಳಕಿನ ದೀರ್ಘ ಲೆಕ್ಕ

ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡಲಾಗಿ 1898ರಲ್ಲಿ ಆರಂಭವಾದ ಅಣೆಕಟ್ಟೆಯ ಕೆಲಸ 1907ರಲ್ಲಿ ಮುಗಿಯಿತು. ವಾಣಿವಿಲಾಸ ಸಾಗರವೆಂದು ಹೆಸರಾದ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದಿತು. ಮತ್ತೆ ಕೋಡಿ ಹರಿದದ್ದು 89 ವರ್ಷಗಳ ನಂತರ, 2022ರಲ್ಲಿ. ನಡುವಿನ ಯಾವುದಾದರೂ ಹತ್ತು ವರ್ಷ ಮಾತ್ರ ನೀರಿನ ಮಟ್ಟ ಅಳೆದು, ‘ಇದು ತುಂಬುವ ಕೆರೆಯೇ ಅಲ್ಲ’ ಎಂದವರ ಅಳತೆಯಲ್ಲಿ ದೋಷವಿರದು. ಅಳೆದ ಅವಧಿ ಸಾಲದು, ಅಷ್ಟೆ.

ಖಗೋಳ ವಿಜ್ಞಾನಿಗಳಿಗೂ ಇದೇ ತೊಡಕು. ಕನ್ಯಾರಾಶಿಯ ದಿಕ್ಕಿನಲ್ಲಿರುವ ‘3ಸಿ 273’ ಎಂಬ ಕಾಯ 200 ಕೋಟಿ ಜ್ಯೋತಿರ್ವರ್ಷಗಳಿಗೂ ದೂರದಲ್ಲಿದೆ ಎಂಬುದನ್ನು 1963ರಲ್ಲಿ ಮಾರ್ಟೆನ್ ಸ್ಮಿತ್ ಗುರುತಿಸಿದರು. ಹಾರ್ವರ್ಡ್ ವೀಕ್ಷಣಾಲಯದಲ್ಲಿ 19ನೆಯ ಶತಮಾನದ ಕೊನೆಯಿಂದ ಕಾಪಿಟ್ಟಿದ್ದ ಛಾಯಾಚಿತ್ರ ಫಲಕಗಳನ್ನು ತೆಗೆದು ನೋಡಿದಾಗ, ಅದರ ಬೆಳಕು ಏರಿಳಿದಿರುವುದು ಕಂಡಿತು. ಆ ಫಲಕಗಳನ್ನು ತೆಗೆದವರಿಗೆ ಕ್ವೇಸಾರ್ ಎಂಬ ಹೆಸರೂ ತಿಳಿದಿರಲಿಲ್ಲ!

ಇಂಥ ಗೆಲಾಕ್ಸಿಗಳ ನಡುವೆ ಸೂರ್ಯನ ಲಕ್ಷಾಂತರ, ಕೋಟ್ಯಂತರ ಪಟ್ಟು ತೂಕದ ಕಪ್ಪುರಂಧ್ರವಿರುತ್ತದೆ. ಅದರ ಸುತ್ತ ಸುಳಿಯುತ್ತ ಒಳಬೀಳುವ ಅನಿಲ ಕಾದು ಹೊಳೆಯುತ್ತದೆ. ತೀರ ಒಳಗಿನ ಸುದ್ದಿಯನ್ನು ತರುವುದು ಕ್ಷ-ಕಿರಣಗಳು. ಯಾವುದೇ ಕಾಯ ತನ್ನ ಅಡ್ಡಗಲವನ್ನು ಬೆಳಕು ದಾಟುವ ಅವಧಿಗಿಂತ ಬೇಗ ಒಟ್ಟಾಗಿ ಮಿನುಗಲಾರದು. ಆದ್ದರಿಂದ ಕೆಲವೇ ಗಂಟೆಗಳಲ್ಲಿ ಕ್ಷ-ಕಿರಣ ಏರಿಳಿದರೆ, ಅದು ಹೊರಡುವ ಜಾಗ ನಮ್ಮ ಸೌರವ್ಯೂಹದಷ್ಟೇ ಎಂದು ಇಲ್ಲಿ ಕುಳಿತೇ ಹೇಳಬಹುದು.

ಆದರೆ ಕ್ಷ-ಕಿರಣಗಳನ್ನು ನಮ್ಮ ವಾತಾವರಣ ಹೀರಿಬಿಡುತ್ತದೆ. ಉಪಕರಣವನ್ನು ಮೇಲಕ್ಕೆ ಕಳುಹಿಸಲೇಬೇಕು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಉಡುಪಿ ಕಡೆಯ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಸಿದ್ಧವಾದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಮೇಲೇರಿದಾಗ, ಅದರಲ್ಲಿ ಕ್ಷ-ಕಿರಣ ಪ್ರಯೋಗವೂ ಇತ್ತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆ ಕೆಟ್ಟು ವೈಜ್ಞಾನಿಕ ಪ್ರಯೋಗಗಳು ನಿಂತವು. ದೀರ್ಘ ಲೆಕ್ಕದ ಕನಸು ಅಲ್ಲಿಗೆ ಮುಂದಕ್ಕೆ ಹೋಯಿತು. 1996ರಲ್ಲಿ ಐ.ಆರ್.ಎಸ್.-ಪಿ3 ಉಪಗ್ರಹದ ಜೊತೆ ಮತ್ತೊಂದು ಕ್ಷ-ಕಿರಣ ಉಪಕರಣ ಹೋಯಿತು.

ಅತ್ತ ಅಮೆರಿಕದ ‘ರಾಸಿ’ ಉಪಗ್ರಹ 1995ರ ಡಿಸೆಂಬರಿನಿಂದ 2012ರ ಜನವರಿಯವರೆಗೆ, ಹದಿನಾರು ವರ್ಷ, ಅವೇ ಗೆಲಾಕ್ಸಿಗಳನ್ನು ಮತ್ತೆ ಮತ್ತೆ ನೋಡಿತು. ಇಂಥ ದಾಖಲೆಗಳನ್ನು ಆಧರಿಸಿ ಇಯಾನ್ ಮೆಕ್‌ಹಾರ್ಡಿ ಮತ್ತು ಸಂಗಡಿಗರು 2006ರಲ್ಲಿ ಒಂದು ಸರಳ ಸಂಬಂಧವನ್ನು ತೋರಿಸಿದರು: ಕಪ್ಪುರಂಧ್ರ ಭಾರವಾದಷ್ಟೂ ಏರಿಳಿತದ ಗತಿ ನಿಧಾನ, ಒಳಬೀಳುವ ಅನಿಲ ಹೆಚ್ಚಿದಷ್ಟೂ ಚುರುಕು. ನಕ್ಷತ್ರವೊಂದರಿಂದ ಹುಟ್ಟಿದ ಪುಟ್ಟ ಕಪ್ಪುರಂಧ್ರ ಸೆಕೆಂಡುಗಳಲ್ಲಿ ಆಡುವ ಆಟವನ್ನು ಗೆಲಾಕ್ಸಿಯ ನಡುವಿನ ದೈತ್ಯ ತಿಂಗಳು, ವರ್ಷಗಳಲ್ಲಿ ಆಡುತ್ತದೆ. ಎರಡೂ ಒಂದೇ ಜಾತಿಯವು ಎಂಬುದಕ್ಕೆ ಇದು ಬಲವಾದ ಸಾಕ್ಷಿ.

2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟದಿಂದ ಆಸ್ಟ್ರೋಸ್ಯಾಟ್ ಹೊರಟಿತು. ಇದರ ಹಿರಿಮೆಯೆಂದರೆ, ಒಂದೇ ಕಾಯವನ್ನು ನೇರಳಾತೀತ ಬೆಳಕಿನಲ್ಲೂ ಕ್ಷ-ಕಿರಣದಲ್ಲೂ ಏಕಕಾಲಕ್ಕೆ ನೋಡಬಲ್ಲದು. ಯಾವ ಬೆಳಕಿನಲ್ಲಿ ಬದಲಾವಣೆ ಮೊದಲು, ಯಾವುದರಲ್ಲಿ ಆಮೇಲೆ ಎಂದು ತಿಳಿದರೆ, ಏರಿಳಿತ ಒಳಗಿನಿಂದ ಹೊರಟಿತೋ ಹೊರಗಿನಿಂದ ಒಳಕ್ಕೆ ಹರಿಯಿತೋ ಎಂದು ಊಹಿಸಬಹುದು. ಆರ್ಯಭಟವನ್ನು ಕಟ್ಟಿದ ಯು. ಆರ್. ರಾವ್ 2017ರಲ್ಲಿ ತೀರಿಕೊಳ್ಳುವ ಮುನ್ನ ಈ ಉಪಗ್ರಹ ಕೆಲಸ ಮಾಡುವುದನ್ನು ಕಂಡರು.

ಐದು ವರ್ಷಕ್ಕೆಂದು ರೂಪಿಸಿದ ಆಸ್ಟ್ರೋಸ್ಯಾಟ್ 2025ರಲ್ಲಿ ಹತ್ತು ವರ್ಷ ಪೂರೈಸಿತು. ಆದರೂ ಭಾರೀ ಕಪ್ಪುರಂಧ್ರವೊಂದರ ಗತಿಗೆ ಹತ್ತು ವರ್ಷ ಒಂದು ಋತುವಿದ್ದಂತೆ. ಉಪಗ್ರಹಗಳು ಸಾಯುತ್ತವೆ, ವಿಜ್ಞಾನಿಗಳು ನಿವೃತ್ತರಾಗುತ್ತಾರೆ. ಒಂದು ಉಪಕರಣದ ಅಳತೆಯನ್ನು ಮುಂದಿನದರ ಅಳತೆಗೆ ಜಾಗರೂಕತೆಯಿಂದ ಜೋಡಿಸಿಡದಿದ್ದರೆ ಅಲ್ಲಿಯವರೆಗಿನ ಲೆಕ್ಕವೆಲ್ಲ ತುಂಡಾಗುತ್ತದೆ. ಹೊಸ ದೂರದರ್ಶಕಕ್ಕೆ ಹಣ ಕೇಳುವುದು ಸುಲಭ, ಹಳೆಯ ದಾಖಲೆ ಕಾಯುವುದಕ್ಕೆ ಕೇಳುವುದು ಕಷ್ಟ. ಹಾರ್ವರ್ಡಿನ ಆ ಗಾಜಿನ ಫಲಕಗಳನ್ನು ಯಾರೋ ಬೀಸಾಡದೆ ಇಟ್ಟಿದ್ದರು ಎಂಬುದನ್ನು ನಾವು ಮರೆಯಬಾರದು.