ಸೇಲಂನ ಪಾನನಿಷೇಧ, ಕಲ್ವರಾಯನ್ ಬೆಟ್ಟದ ಭಟ್ಟಿ

1937ರ ಅಕ್ಟೋಬರ್ 1ರಂದು ಮದ್ರಾಸ್ ಪ್ರಾಂತ್ಯದ ಪ್ರಧಾನಿ ರಾಜಾಜಿ ಪಾನನಿಷೇಧದ ಮೊದಲ ಪ್ರಯೋಗಕ್ಕೆ ಆರಿಸಿಕೊಂಡದ್ದು ತಮ್ಮ ತವರು ಜಿಲ್ಲೆ ಸೇಲಂ. ಧರ್ಮಪುರಿ, ಹೊಸೂರು ಆಗ ಅದರೊಳಗೇ ಇದ್ದವು. ಅಬಕಾರಿ ಆದಾಯ ಕಳೆದುಕೊಂಡ ಬೊಕ್ಕಸಕ್ಕೆ 1939ರಲ್ಲಿ ಮಾರಾಟ ತೆರಿಗೆ ಬಂತು. ಕುಡುಕ ಕಟ್ಟುತ್ತಿದ್ದ ಸುಂಕ ಅಂಗಡಿಗೆ ಹೋದವರೆಲ್ಲರ ತಲೆಗೆ!

ಕಳ್ಳಭಟ್ಟಿ ಹುಟ್ಟಿದ್ದೇ ನಿಷೇಧದಿಂದ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ನಿಷೇಧ ಹೋದ ಮೇಲೂ ಅದೇಕೆ ಸಾಯಲಿಲ್ಲ? 2003ರಿಂದ ತಮಿಳುನಾಡಿನಲ್ಲಿ ಸರ್ಕಾರದ ಟಾಸ್ಮಾಕ್ ತಾನೇ ಚಿಲ್ಲರೆಯಾಗಿ ಮದ್ಯ ಮಾರುತ್ತಿದೆ. ಹಾಗಿದ್ದೂ 2024ರ ಜೂನ್‌ನಲ್ಲಿ ಕಲ್ಲಕುರಿಚಿಯಲ್ಲಿ ಮೆಥನಾಲ್ ಬೆರೆತ ಸಾರಾಯಿ 60ಕ್ಕೂ ಹೆಚ್ಚು ಜನರನ್ನು ಕೊಂದಿತು. ಬಾಟಲಿಯ ಬೆಲೆ ಕೈಗೆಟುಕದ ಕೂಲಿಕಾರನಿಗೆ ಕಳ್ಳಭಟ್ಟಿಯ ಪ್ಯಾಕೆಟ್ಟೇ ಗತಿ. ಅಂದರೆ ಈ ದಂಧೆಯನ್ನು ಪೊರೆಯುವುದು ಕಾನೂನಿಗಿಂತ ಹೆಚ್ಚಾಗಿ ಬೆಲೆಯ ಅಂತರ. ಕಲ್ಲಕುರಿಚಿಯಿಂದ ಸೇಲಂ ಗಡಿಗೂ ಚಾಚಿರುವ ಕಲ್ವರಾಯನ್ ಬೆಟ್ಟದ ಮಲಯಾಳಿ ಬುಡಕಟ್ಟಿನವರೇ ಇದಕ್ಕೆ ಮೂಲವೆಂದು ಬೆರಳು ತೋರುವವರಿದ್ದಾರೆ. ಅಲ್ಲಿ ಭಟ್ಟಿ ಇಳಿಸುವವರು ಇದ್ದದ್ದು ನಿಜ. ಆದರೆ ಬೆಲ್ಲ, ತೊಗಟೆ ಕೊಳೆಸಿದ ಮಡಕೆಯಿಂದ ಡ್ರಮ್ಮುಗಟ್ಟಲೆ ಮೆಥನಾಲ್ ಹುಟ್ಟದು. ಅದು ಕಾರ್ಖಾನೆಯ ಸರಕು. ಅದಕ್ಕೆ ಬಂಡವಾಳ, ಲಾರಿ, ದಲ್ಲಾಳಿ, ಕಣ್ಣುಮುಚ್ಚುವ ಅಧಿಕಾರಿ ಎಲ್ಲರೂ ಬೇಕು. ಇವರಲ್ಲಿ ಯಾರನ್ನೂ ಹುಡುಕಲು ಬೆಟ್ಟ ಹತ್ತಬೇಕಿಲ್ಲ.