ಬೇಸ್ ಗಿಟಾರಿಗೊಂದು ಹೊಸ ಕುದುರೆ

ಪಾರ್ಕ್ ರಾಯಲ್‌ನ ನನ್ನ ರೂಮಿನಲ್ಲಿ ಹಳೇ ಮಾದರಿಯ ಬೇಸ್ ಗಿಟಾರ್ ಒಂದಿದೆ. ಅದರ ಬ್ರಿಡ್ಜ್ ಬದಲಿಸಬೇಕು. ವೀಣೆಯಲ್ಲಾದರೆ ತಂತಿಗಳು ಕೂರುವ ಈ ಜಾಗಕ್ಕೆ ‘ಕುದುರೆ’ ಅಂತೀವಿ.

1951ರಲ್ಲಿ ಲಿಯೋ ಫೆಂಡರ್ ತಂದ ಪ್ರಿಸಿಷನ್ ಬೇಸ್‌ಗೆ ತಂತಿ ನಾಲ್ಕು, ಸ್ಯಾಡಲ್ ಎರಡೇ. ದಪ್ಪ ತಂತಿಗೆ ಕೊಂಚ ಹೆಚ್ಚು ಉದ್ದ ಬೇಕು. ಹಾಗಾಗಿ ಜೋಡಿಯಲ್ಲಿ ಒಂದರ ಸ್ವರ ಸರಿಮಾಡಿದರೆ ಇನ್ನೊಂದರದು ತಪ್ಪುತ್ತೆ. ಹೆಸರಲ್ಲೇ ನಿಖರತೆ ಇದ್ದ ವಾದ್ಯಕ್ಕೆ ಈ ಪಾಡು! 1957ರಲ್ಲಿ ತಂತಿಗೊಂದರಂತೆ ನಾಲ್ಕು ಸ್ಯಾಡಲ್ ಬಂದವು. ವೀಣೆಯಲ್ಲಿ ಮೆಟ್ಟುಗಳನ್ನೇ ಮೇಣದಲ್ಲಿ ಸರಿಸಿ ಕೂರಿಸ್ತಾರೆ. ಗಿಟಾರಿನ ಫ್ರೆಟ್ ಕದಲಲ್ಲ, ಕುದುರೆಯೇ ಸರಿಯಬೇಕು.

ನಾನು ನಾಲ್ಕು ಸ್ಯಾಡಲ್‌ನದನ್ನೇ ಆರಿಸಿದೆ, ಆದರೆ ಹಳೇ ಸ್ಕ್ರೂ ತೂತುಗಳಿಗೇ ಕೂರುವಂಥದ್ದು. ನೀವೂ ಕೊಳ್ಳೋ ಮುಂಚೆ ತೂತುಗಳನ್ನೂ ತಂತಿಗಳ ನಡುವಿನ ಅಂತರವನ್ನೂ ಅಳೆದುಕೊಳ್ಳಿ. ಸ್ವರವನ್ನು ಮತ್ತೆ ತಿದ್ದಬಹುದು, ಕೊರೆದ ಮರವನ್ನಲ್ಲ.